ಬಿಸಿಲೂರಿನ ಗಾಡಿಗೆ ಎಂಥ ಕೂಲಂಟ್?

ಹಿಮ ಬೀಳುವ ದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲೆಂದು ಬಂದ ದ್ರವ ಕೊಪ್ಪಳದ ಬಿಸಿಲಿಗೇಕೆ ಬೇಕು? ಉತ್ತರ ಇಲ್ಲಿನ ಬೋರ್ ನೀರಿನಲ್ಲಿದೆ. ಬಣ್ಣ ನೋಡಿ ಕೊಂಡರೆ ಎಂಜಿನ್ ಹಾಳು. ಕುಡಿಯುವ ನೀರಿನ ಬಾಟಲಿಗೆ ತುಂಬಿಟ್ಟರೆ ಜೀವಕ್ಕೇ ಕುತ್ತು.

ಏಪ್ರಿಲ್ ತಿಂಗಳ ಕೊನೆ. ಗಂಗಾವತಿಯಿಂದ ಕಾರಟಗಿ ಕಡೆ ಹೊರಟರೆ ರಸ್ತೆಯ ಎರಡೂ ಬದಿ ಬೇಸಿಗೆ ಭತ್ತ ಕೊಯ್ಲಿಗೆ ನಿಂತಿದೆ. ಮಟಮಟ ಮಧ್ಯಾಹ್ನ. ಪಂಜಾಬಿನಿಂದ ಬಂದ ಕಟಾವು ಯಂತ್ರವೊಂದು ಗದ್ದೆಯ ನಡುವೆ ನಿಂತುಬಿಟ್ಟಿತು. ರೇಡಿಯೇಟರ್ ಮುಚ್ಚಳದ ಸಂದಿಯಿಂದ ಬುಸ್ಸೆಂದು ಹಬೆ. ಜಾಲರಿಯ ಮೇಲೆ ಬೆರಳುದಪ್ಪ ಹೊಟ್ಟು ಕೂತಿದೆ. ಭತ್ತ ತುಂಬಿಕೊಳ್ಳಲು ಬಂದ ಟ್ರ್ಯಾಕ್ಟರ್ ದಂಡೆಯ ಮೇಲೆ ಕಾಯುತ್ತಿದೆ.

ಹೆಲ್ಪರ್ ಹುಡುಗ ಟವೆಲ್ ಸುತ್ತಿದ ಕೈಯನ್ನು ಮುಚ್ಚಳದ ಮೇಲಿಟ್ಟನೋ ಇಲ್ಲವೋ, ಗದ್ದೆಯ ಯಜಮಾನರು ಕೂಗಿದರು: "ಏ ತಮ್ಮಾ, ತೆಗಿಬ್ಯಾಡ! ಮಾರಿ ಸುಟ್ಕೊಂತಿ. ಅರ್ಧಾ ತಾಸು ಆರಲಿ ಬಿಡು."

ಅರ್ಧ ತಾಸಿನ ಬಳಿಕ ಮುಚ್ಚಳ ತೆಗೆದರು. ಕಾಲುವೆಯಿಂದ ಒಂದು ಕೊಡ ನೀರು ಮೊಗೆದು ಸುರಿದರು. ಯಂತ್ರ ಮತ್ತೆ ಗುಡುಗಿತು, ಅಂದಿನ ಕೊಯ್ಲು ಸಾಗಿತು. ಆ ಕೊಡ ನೀರು ಎಂಜಿನ್ನಿನ ಆಯುಷ್ಯದಲ್ಲಿ ಎಷ್ಟನ್ನು ಕಿತ್ತುಕೊಂಡಿತು ಎನ್ನುವುದು ಗೊತ್ತಾಗುವುದು ಮುಂದೊಂದು ದಿನ, ಗ್ಯಾರೇಜಿನಲ್ಲಿ ಹೆಡ್ ಬಿಚ್ಚಿದಾಗ.

ಬೇಸಿಗೆಯಲ್ಲಿ ಜಿಲ್ಲೆಯ ಯಾವ ರಸ್ತೆಯಲ್ಲಾದರೂ ಇಂಥ ನೋಟ ಸಿಗುತ್ತದೆ. ಸೋಲಾಪುರ, ವಿಜಯಪುರದ ಕಡೆಯಿಂದ ಕುಷ್ಟಗಿ ಹಾದು ಹೊಸಪೇಟೆಗೆ ಇಳಿಯುವ ಲಾರಿಗಳು, ಗಿಣಿಗೇರಿ ಸುತ್ತಲಿನ ಕಾರ್ಖಾನೆಗಳಿಗೆ ಅದಿರು ಹೊರುವ ಟಿಪ್ಪರ್‌ಗಳು, ಗಂಗಾವತಿಯ ಅಕ್ಕಿ ಹೇರಿಕೊಂಡು ಹೊರಟ ಗಾಡಿಗಳು, ಯಲಬುರ್ಗಾದ ಎರಿ ಹೊಲಗಳಲ್ಲಿ ದಿನವಿಡೀ ದುಡಿಯುವ ಟ್ರ್ಯಾಕ್ಟರ್‌ಗಳು. ಬಾನೆಟ್ ಎತ್ತಿ ನಿಂತ ಒಂದಾದರೂ ಗಾಡಿ ಕಣ್ಣಿಗೆ ಬಿದ್ದೇ ಬೀಳುತ್ತದೆ. ಪಕ್ಕದಲ್ಲಿ ಒಂದು ಕ್ಯಾನ್ ನೀರು.

ಕೂಲಂಟ್ ಹಾಕಿ ಎಂದರೆ ಚಾಲಕರು ಕೇಳುವ ಪ್ರಶ್ನೆ ಒಂದೇ: "ನಮ್ಮ ಕಡೆ ಎಲ್ಲಿ ಬರ್ಫ ಬೀಳ್ತೈತ್ರೀ?" ಪ್ರಶ್ನೆ ನ್ಯಾಯವಾದದ್ದೇ. ಜನವರಿಯಲ್ಲಿ ಗವಿಮಠದ ಜಾತ್ರೆಯ ರಾತ್ರಿಗಳಲ್ಲೂ ಇಲ್ಲಿ ನೀರು ಹೆಪ್ಪುಗಟ್ಟುವ ಮಾತಿಲ್ಲ. ಆದರೂ ಈ ದ್ರವ ಇಲ್ಲಿಗೆ ಬೇಕು. ಅದರ ಕೆಲಸ ಮೂರು. ಚಳಿಯಲ್ಲಿ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು, ಕುದಿಬಿಂದುವನ್ನು ಮೇಲಕ್ಕೆ ಒಯ್ಯುವುದು, ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುವುದು. ಮೊದಲನೆಯದು ಲೇಹ್‌ಗೆ ಸರಕು ಒಯ್ಯುವವರ ಚಿಂತೆ. ಉಳಿದೆರಡು ನಮ್ಮವು. ಅದರಲ್ಲೂ ಮೂರನೆಯದೇ ದೊಡ್ಡದು, ಅದನ್ನೇ ನಾವು ಮರೆತಿದ್ದೇವೆ.

ಬೆಂಕಿಯ ಪಕ್ಕದ ನೀರು

ಎಂಜಿನ್ನಿನಲ್ಲಿ ಉರಿಯುವ ಡೀಸೆಲ್ ಕೊಡುವ ಶಕ್ತಿಯಲ್ಲಿ ಚಕ್ರಕ್ಕೆ ದಕ್ಕುವುದು ಸುಮಾರು ಮೂರನೇ ಒಂದು ಪಾಲು. ಇನ್ನೊಂದು ಪಾಲು ಸೈಲೆನ್ಸರ್ ದಾರಿ ಹಿಡಿಯುತ್ತದೆ. ಉಳಿದದ್ದನ್ನು ಹೊರಹಾಕುವ ಹೊಣೆ ಹೆಚ್ಚಾಗಿ ರೇಡಿಯೇಟರಿನದು. ಸಿಲಿಂಡರಿನೊಳಗೆ ಅನಿಲದ ಶಾಖ ಕ್ಷಣಮಾತ್ರ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಗೋಡೆಯ ಆಚೆ, ಕೆಲವೇ ಮಿಲಿಮೀಟರ್ ದೂರದಲ್ಲಿ, 90 ಡಿಗ್ರಿಯ ಆಸುಪಾಸಿನ ನೀರು ಹರಿಯುತ್ತಿರುತ್ತದೆ.

ಕೊಪ್ಪಳದವರಿಗೆ ಈ ಗೋಡೆ ಪರಕೀಯವಲ್ಲ. ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಎಂಜಿನ್ನಿನ ಸಿಲಿಂಡರ್ ಬ್ಲಾಕ್, ಹೆಡ್‌ಗಳನ್ನೇ ಎರಕ ಹೊಯ್ಯುತ್ತಾರೆ. ಎರಕದ ಹೊತ್ತಿನಲ್ಲೇ ಬ್ಲಾಕಿನ ಗೋಡೆಗಳ ನಡುವೆ ನೀರು ಸುತ್ತಾಡಲು ಅಂಕುಡೊಂಕಾದ ಪೊಳ್ಳು ದಾರಿ ಬಿಟ್ಟಿರುತ್ತಾರೆ. ಆ ದಾರಿ ಎಷ್ಟು ಇಕ್ಕಟ್ಟೆಂದರೆ, ಒಮ್ಮೆ ಕಸ ಕಟ್ಟಿಕೊಂಡರೆ ಕೈಹಾಕಿ ತೆಗೆಯಲಾಗದು.

ಸಮುದ್ರಮಟ್ಟಕ್ಕಿಂತ ಸುಮಾರು 500 ಮೀಟರ್ ಎತ್ತರದ ಈ ಊರುಗಳಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. ಗಾಡಿಯಲ್ಲಿ ಅದು ಕುದಿಯದಂತೆ ತಡೆಯುವುದು ಮೊದಲು ಮುಚ್ಚಳ, ಆಮೇಲೆ ಕೂಲಂಟ್. ಸರಿಯಾದ ಮುಚ್ಚಳ ಒಳಗೆ ಸುಮಾರು ಒಂದು ವಾಯುಭಾರದಷ್ಟು ಹೆಚ್ಚುವರಿ ಒತ್ತಡ ಹಿಡಿದಿಡುತ್ತದೆ. ಅದರಿಂದಲೇ ಬರಿ ನೀರಿನ ಕುದಿಬಿಂದು ಸುಮಾರು 20 ಡಿಗ್ರಿ ಮೇಲೇರುತ್ತದೆ. ಅರ್ಧಕ್ಕರ್ಧ ಕೂಲಂಟ್ ಬೆರೆತರೆ ಇನ್ನೊಂದು ಏಳೆಂಟು ಡಿಗ್ರಿ.

ಹಾಗಾಗಿ ಮುಚ್ಚಳದ ರಬ್ಬರ್ ವಾಷರ್ ಸವೆದಿದ್ದರೆ ಎಷ್ಟು ದುಬಾರಿ ಕೂಲಂಟ್ ಸುರಿದರೂ ಗಾಡಿ ಕುದಿಯುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳ ಬಿಚ್ಚಿದರೆ ಮುಖ ಸುಡುವುದೂ ಇದೇ ಕಾರಣಕ್ಕೆ. ಒತ್ತಡ ಬಿಟ್ಟ ಕ್ಷಣ, ಕುದಿಯದೆ ನಿಂತಿದ್ದ ನೀರು ಒಮ್ಮೆಗೇ ಹಬೆಯಾಗಿ ಚಿಮ್ಮುತ್ತದೆ. ಆ ಯಜಮಾನರು ಹುಡುಗನನ್ನು ತಡೆದದ್ದು ಅವನ ಕಣ್ಣು ಉಳಿಸಿದಂತೆಯೇ.

ನಮ್ಮ ನೀರು, ಎಂಜಿನ್ನಿನ ಪಾಡು

ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹಳ್ಳಿಗಳಲ್ಲಿ ಬೋರ್ ನೀರಿನ ಕಥೆ ಎಲ್ಲರಿಗೂ ಗೊತ್ತು. ಫ್ಲೋರೈಡ್ ಹೆಚ್ಚಿ ಮಕ್ಕಳ ಹಲ್ಲು ಕಂದಾಗಿ, ಹಿರಿಯರ ಮಂಡಿ ಬಾಗಿದ ಊರುಗಳಿವು. ಊರೂರಿಗೆ ಶುದ್ಧ ನೀರಿನ ಘಟಕ ಬಂದದ್ದು ಅದಕ್ಕೇ. ಎಂಜಿನ್ನಿಗೆ ಮಾತ್ರ ಫ್ಲೋರೈಡಿಗಿಂತ ದೊಡ್ಡ ವೈರಿಗಳಿವೆ: ಗಡಸುತನ ತರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು, ಜೊತೆಗೆ ಕ್ಲೋರೈಡ್ ಮತ್ತು ಸಲ್ಫೇಟ್.

ನೀರು ಕಾಯಿಸುವ ಹಂಡೆಯ ಒಳಮೈಯನ್ನು ಉಗುರಿನಿಂದ ಕೆರೆದು ನೋಡಿ. ಬಿಳಿ ಹೆಕ್ಕಳಿಕೆ ಏಳುತ್ತದೆ. ಎಂಜಿನ್ನಿನ ಒಳಗೂ ಇದೇ ಸುಣ್ಣದ ಪೊರೆ ಕಟ್ಟುತ್ತದೆ, ಅದೂ ಅತಿ ಹೆಚ್ಚು ಕಾಯುವ ಜಾಗದಲ್ಲೇ ಮೊದಲು. ಬೀಡು ಕಬ್ಬಿಣ ಶಾಖವನ್ನು ಸಲೀಸಾಗಿ ದಾಟಿಸುತ್ತದೆ. ಈ ಪೊರೆ ಅದಕ್ಕಿಂತ ಹತ್ತಾರು ಪಟ್ಟು ಜಿಪುಣ. ತೆಳ್ಳನೆಯ ಪದರ ಸಾಕು, ಒಳಗಿನ ಶಾಖ ನೀರಿಗೆ ಇಳಿಯುವುದಿಲ್ಲ. ಮೀಟರಿನ ಮುಳ್ಳು ಸರಿಯಾಗೇ ಇರುತ್ತದೆ, ಹೆಡ್ ಮಾತ್ರ ಒಳಗೊಳಗೇ ಬೆಂದು ಸೀಳುತ್ತದೆ.

ಇಲ್ಲೊಂದು ಲೆಕ್ಕ ಕಣ್ಣು ತೆರೆಸುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಒಂದು ಲೀಟರಿನಲ್ಲಿ 250 ಮಿಲಿಗ್ರಾಂ ಕ್ಲೋರೈಡ್ ಇದ್ದರೂ ಅದು ಒಪ್ಪತಕ್ಕ ನೀರು. ಬೇರೆ ನೀರಿನ ಮೂಲವಿಲ್ಲದ ಕಡೆ 1,000 ಮಿಲಿಗ್ರಾಂವರೆಗೂ ವಿನಾಯಿತಿ ಇದೆ. ಭಾರೀ ಡೀಸೆಲ್ ಎಂಜಿನ್ ತಯಾರಕರು ಕೂಲಂಟಿಗೆ ಬೆರೆಸುವ ನೀರಿಗೆ ಹಾಕುವ ಮಿತಿಯೋ 40 ಮಿಲಿಗ್ರಾಂ. ಗಡಸುತನಕ್ಕೆ 170, ಸಲ್ಫೇಟಿಗೆ 100. ನಾವು ಕುಡಿದು ಅರಗಿಸಿಕೊಳ್ಳುವ ನೀರನ್ನು ಎಂಜಿನ್ ಅರಗಿಸಿಕೊಳ್ಳಲಾರದು.

ಗಂಗಾವತಿಯ ಕಾಲುವೆ ನೀರು ಮೇಲಲ್ಲವೇ ಎಂದರೆ, ಉಪ್ಪು ಕಡಿಮೆ ಇದ್ದೀತು, ಆದರೆ ಅದರೊಂದಿಗೆ ಬರುವ ಸಣ್ಣ ಕೆಸರು ರೇಡಿಯೇಟರಿನ ಕೊಳವೆಗಳಲ್ಲಿ ಕೂರುತ್ತದೆ. ಹಳ್ಳಿಯ ಆರ್‌ಒ ಘಟಕದ ನೀರು ಬೋರ್ ನೀರಿಗಿಂತ ಎಷ್ಟೋ ವಾಸಿ. ಎಲ್ಲಕ್ಕಿಂತ ಒಳ್ಳೆಯದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಆದರೆ ಅದನ್ನೂ ಒಂದನ್ನೇ ತುಂಬಿಸಕೂಡದು. ತುಕ್ಕುನಿರೋಧಕ ಇಲ್ಲದ ಶುದ್ಧ ನೀರು ಕಬ್ಬಿಣವನ್ನು ಬೇಗನೆ ತಿನ್ನುತ್ತದೆ.

ಸೂಜಿಮೊನೆಯ ತೂತು

ತುಕ್ಕಿನ ಬಗೆಗಳಲ್ಲಿ ಲಾರಿ, ಟ್ರ್ಯಾಕ್ಟರ್, ಕಟಾವು ಯಂತ್ರದವರು ತಪ್ಪದೆ ತಿಳಿದಿರಬೇಕಾದದ್ದು ಒಂದಿದೆ. ಗ್ಯಾರೇಜಿನಲ್ಲಿ ಹೊರತೆಗೆದಿಟ್ಟ ಹಳೆಯ ಲೈನರನ್ನು, ಅಂದರೆ ಪಿಸ್ಟನ್ ಓಡಾಡುವ ಕೊಳವೆಯನ್ನು, ಕೈಗೆತ್ತಿಕೊಂಡು ಹೊರಮೈ ಮೇಲೆ ಬೆರಳಾಡಿಸಿ. ಒಂದು ಪಕ್ಕದಲ್ಲಿ ಮಾತ್ರ, ಮೇಲಿಂದ ಕೆಳಕ್ಕೆ ಸಾಲಾಗಿ, ಸಣ್ಣ ಸಣ್ಣ ಗುಳಿಗಳು ತಗಲುತ್ತವೆ. ಬೆಳಕಿಗೆ ಹಿಡಿದು ಒಳಗಿನಿಂದ ನೋಡಿದರೆ ಕೆಲವು ಗುಳಿಗಳು ಆರಪಾರ ತೂತಾಗಿರುವುದೂ ಕಾಣುತ್ತದೆ. "ನೀರ ತಿಂದೈತ್ರಿ ಇದನ್ನ" ಎನ್ನುತ್ತಾರೆ ಮೇಸ್ತ್ರಿಗಳು.

ಆಗುವುದು ಹೀಗೆ. ಭಾರೀ ಡೀಸೆಲ್ ಎಂಜಿನ್ನುಗಳಲ್ಲಿ ಲೈನರಿನ ಹೊರಮೈಗೆ ನೀರು ನೇರವಾಗಿ ತಾಗುತ್ತದೆ. ಪಿಸ್ಟನ್ ಪ್ರತಿ ಸಲ ಪಕ್ಕಕ್ಕೆ ಬಡಿದಾಗ ಲೈನರ್ ಕಂಪಿಸುತ್ತದೆ. ಆ ಕಂಪನಕ್ಕೆ ಹೊರಮೈಗೆ ಅಂಟಿದ ನೀರಿನಲ್ಲಿ ಹಬೆಯ ಸೂಕ್ಷ್ಮ ಗುಳ್ಳೆಗಳು ಹುಟ್ಟುತ್ತವೆ, ಮರುಕ್ಷಣ ಒಡೆಯುತ್ತವೆ. ಒಡೆಯುವ ಪ್ರತಿ ಗುಳ್ಳೆಯೂ ಲೋಹಕ್ಕೆ ಚಿಕ್ಕ ಉಳಿಯೇಟು ಕೊಟ್ಟಂತೆ. ದಿನಕ್ಕೆ ಹತ್ತಾರು ತಾಸು ಓಡುವ ಯಂತ್ರದಲ್ಲಿ ಆ ಏಟು ನಿಲ್ಲುವುದೇ ಇಲ್ಲ. ಕಡೆಗೊಂದು ದಿನ ನೀರು ಆಯಿಲಿಗೆ ಸೇರಿ, ಡಿಪ್ ಸ್ಟಿಕ್ಕಿನ ತುದಿಯಲ್ಲಿ ಬೆಳ್ಳನೆಯ ನೊರೆ ಕಾಣಿಸುತ್ತದೆ. ಆಮೇಲೆ ಬೇರಿಂಗ್, ಕ್ರ್ಯಾಂಕ್ ಎಲ್ಲವೂ ಕೆಲಸ ಕೇಳುತ್ತವೆ.

ಇದಕ್ಕೆ ತಡೆ ಕೂಲಂಟಿನಲ್ಲಿರುವ ನೈಟ್ರೈಟಿನಂಥ ರಾಸಾಯನಿಕ ಅಥವಾ ಅದೇ ಕೆಲಸ ಮಾಡುವ ಸಾವಯವ ಆಮ್ಲದ ಲವಣಗಳು. ಅವು ಲೈನರಿನ ಮೇಲೆ ತೆಳುವಾದ ಕಾಪು ಕಟ್ಟುತ್ತವೆ. ಏಟು ಕಾಪಿಗೆ ಬೀಳುತ್ತದೆ, ಕಾಪು ಮತ್ತೆ ಕಟ್ಟಿಕೊಳ್ಳುತ್ತದೆ. ಹೀಗೆ ಕಟ್ಟಿಕೊಳ್ಳುತ್ತಾ ಆ ರಾಸಾಯನಿಕ ಖರ್ಚಾಗುತ್ತದೆ. ಕಾರಿಗೆಂದು ಮಾಡಿದ ಸಾದಾ ಕೂಲಂಟ್ ಇಂಥ ಎಂಜಿನ್ನಿಗೆ ಸಾಲದು ಎನ್ನುವುದು ಇದೇ ಕಾರಣಕ್ಕೆ. ಆತುರದಲ್ಲಿ ಯಾವುದೋ ಒಂದು ಹಸಿರು ಕ್ಯಾನ್ ಸುರಿಯುವವರು ಇದನ್ನು ನೆನಪಿಡಬೇಕೆಂಬುದು ನನ್ನ ಕಳಕಳಿ.

ಬಣ್ಣ ಬಿಡಿ, ಚೀಟಿ ಓದಿ

ಅಂಗಡಿಯ ಕಪಾಟಿನಲ್ಲಿ ಹಸಿರು, ಕೆಂಪು, ಗುಲಾಬಿ, ನೀಲಿ ಕ್ಯಾನ್‌ಗಳು ಸಾಲಾಗಿ ನಿಂತಿರುತ್ತವೆ. "ಹಸಿರಿಗೆ ಹಸಿರು ಹಾಕ್ರಿ, ಏನೂ ಆಗಂಗಿಲ್ಲ" ಎನ್ನುವ ಸಲಹೆ ಪುಕ್ಕಟೆ ಸಿಗುತ್ತದೆ. ಬಣ್ಣವೆಂದರೆ ಸೋರಿಕೆ ಕಣ್ಣಿಗೆ ಬೀಳಲೆಂದು ಬೆರೆಸುವ ಡೈ, ಅಷ್ಟೆ. ಯಾವ ಬಣ್ಣಕ್ಕೆ ಯಾವ ರಸಾಯನ ಎಂಬ ಜಾಗತಿಕ ನಿಯಮವೇ ಇಲ್ಲ.

ಒಳಗಿನ ಬಗೆಗಳು ಸ್ಥೂಲವಾಗಿ ಮೂರು. ಸಿಲಿಕೇಟ್, ಫಾಸ್ಫೇಟ್, ನೈಟ್ರೈಟ್ ಲವಣಗಳ ಹಳೆಯ ಬಗೆ ಲೋಹದ ಮೇಲೆ ಬೇಗ ಪದರ ಕಟ್ಟುತ್ತದೆ, ಬೇಗ ಸವೆಯುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೆ ಬದಲಿಸಬೇಕು. ತಾಮ್ರ, ಹಿತ್ತಾಳೆಯ ರೇಡಿಯೇಟರ್ ಇರುವ ಹಳೆಯ ಟ್ರ್ಯಾಕ್ಟರ್‌ಗಳಿಗೆ ಇದು ಒಗ್ಗಿದ ಬಗೆ. ಸಾವಯವ ಆಮ್ಲಗಳ ಹೊಸ ಬಗೆ 1990ರ ದಶಕದಲ್ಲಿ ಕಾರುಗಳಿಗೆ ವ್ಯಾಪಕವಾಗಿ ಬಂತು. ಅಲ್ಯೂಮಿನಿಯಂ ಹೆಚ್ಚಿರುವ ಎಂಜಿನ್ನುಗಳಿಗೆ ಹೊಂದುತ್ತದೆ, ಐದು ವರ್ಷದವರೆಗೂ ಬಾಳುತ್ತದೆ. ಮೂರನೆಯದು ಇವೆರಡರ ಮಿಶ್ರ ತಳಿ. ಒಂದು ಬಗೆಯ ಮೇಲೆ ಇನ್ನೊಂದನ್ನು ಸುರಿದರೆ ಎರಡರ ಬಾಳಿಕೆಯೂ ಕುಗ್ಗುತ್ತದೆ. ಕೆಲವೊಮ್ಮೆ ಲೋಳೆಯಂಥ ಗಸಿ ಇಳಿದು ಕೊಳವೆ ಕಟ್ಟಿಕೊಳ್ಳುತ್ತದೆ.

ಯಾವುದು ಬೇಕೆಂದು ಹೇಳುವ ಅಧಿಕಾರ ಗಾಡಿಯ ಜೊತೆ ಬಂದ ಕೈಪಿಡಿಗೆ ಮಾತ್ರ. ಪುಸ್ತಕ ಕಳೆದಿದ್ದರೆ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಕೇಳಿ ಬರೆದುಕೊಳ್ಳಿ. ಗಾಳಿಯಿಂದಲೇ ತಣಿಯುವ ಬೈಕುಗಳಿಗೆ ಇದರ ಗೊಡವೆಯಿಲ್ಲ.

▪ ಕ್ಯಾನ್ ಮೇಲೆ ಏನು ನೋಡಬೇಕು?
ಮಾನಕ: ಭಾರತದ ಐಎಸ್ 5759, ಜಪಾನಿನ ಜೆಐಎಸ್ ಕೆ 2234, ಅಮೆರಿಕದ ಎಎಸ್‌ಟಿಎಂ ಡಿ 3306 ಇವುಗಳಲ್ಲೊಂದು ಇರಲಿ. ಲಾರಿ, ಕಟಾವು ಯಂತ್ರದಂಥ ಭಾರೀ ಡೀಸೆಲ್ ಎಂಜಿನ್ನಿಗೆ ಎಎಸ್‌ಟಿಎಂ ಡಿ 6210 ಹುಡುಕಿ.
ಪ್ರಮಾಣ: ನೇರವಾಗಿ ಸುರಿಯುವ ಸಿದ್ಧ ದ್ರವವೋ, ನೀರು ಬೆರೆಸಬೇಕಾದ ಗಟ್ಟಿ ದ್ರವವೋ? ಸಿದ್ಧ ದ್ರವಕ್ಕೆ ಮತ್ತೆ ನೀರು ಹಾಕಬೇಡಿ.
ಗುರುತು: ತಯಾರಿಕೆ ದಿನಾಂಕ, ಬ್ಯಾಚ್ ಸಂಖ್ಯೆ, ವಿಷದ ಎಚ್ಚರಿಕೆ. ಇವಿಲ್ಲದ ಕ್ಯಾನ್ ಬರಿ ಬಣ್ಣದ ನೀರಾಗಿರಬಹುದು.

ಬೆರೆಸುವ ಪ್ರಮಾಣದಲ್ಲಿ ಎರಡು ತಪ್ಪುಗಳು ಸಾಮಾನ್ಯ. "ಬಿಸಿಲು ಜಾಸ್ತಿ, ಪೂರಾ ಕೂಲಂಟನ್ನೇ ಹಾಕಿದರೆ ಚಲೋ" ಎನ್ನುವವರು ಒಂದು ಕಡೆ. ಕೂಲಂಟಿನ ಮೂಲ ದ್ರವವಾದ ಎಥಿಲೀನ್ ಗ್ಲೈಕಾಲ್ ಶುದ್ಧವಾಗಿದ್ದರೆ 197 ಡಿಗ್ರಿಯವರೆಗೆ ಕುದಿಯುವುದಿಲ್ಲ, ನಿಜ. ಆದರೆ ಶಾಖ ಹೊರುವುದರಲ್ಲಿ ಅದು ನೀರಿನ ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೇ. ನೀರೇ ಹೊರೆಯಾಳು, ಅದನ್ನು ಹೊರಗಟ್ಟಿದರೆ ಎಂಜಿನ್ ಇನ್ನಷ್ಟು ಕಾಯುತ್ತದೆ. ಇನ್ನೊಂದು ಕಡೆ, ಒಂದು ಲೀಟರ್ ಕೂಲಂಟನ್ನು ಹತ್ತು ಲೀಟರಿಗೆ ಹಿಗ್ಗಿಸುವವರು. ಬಣ್ಣ ಉಳಿಯುತ್ತದೆ, ತುಕ್ಕುನಿರೋಧಕ ತೆಳುವಾಗಿ ನಿಷ್ಪ್ರಯೋಜಕವಾಗುತ್ತದೆ. ನಮ್ಮ ಹವೆಗೆ ಗ್ಲೈಕಾಲ್ ಶೇಕಡಾ 30ರಿಂದ 50 ಇದ್ದರೆ ಸಾಕು. ಅದರೊಳಗೆ ಎಷ್ಟು ಎನ್ನುವುದನ್ನು ಕೈಪಿಡಿಗೆ ಬಿಡಿ.

ಗ್ಯಾರೇಜಿನ ಎರಡು ರೂಢಿಗಳ ಬಗ್ಗೆಯೂ ಹೇಳಲೇಬೇಕು. ಗಾಡಿ ಕಾಯುತ್ತದೆಂದು ಥರ್ಮೋಸ್ಟಾಟ್ ಕಿತ್ತೆಸೆಯುವುದು ಒಂದು. ಅದಿಲ್ಲದ ಎಂಜಿನ್ ಸರಿಯಾದ ಶಾಖಕ್ಕೆ ಬರಲು ತಡವಾಗುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು. ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವುದು ಇನ್ನೊಂದು. ನಡುರಸ್ತೆಯಲ್ಲಿ ಊರು ಮುಟ್ಟಲು ಅದು ಆದೀತು. ಊರು ಮುಟ್ಟಿದ ಮೇಲೆ ಸೋರಿಕೆ ಬೆಸೆಸಿ, ಒಳಗೆಲ್ಲ ತೊಳೆಸದಿದ್ದರೆ ಆ ಪುಡಿ ಒಳ್ಳೆಯ ಕೊಳವೆಗಳನ್ನೂ ಮುಚ್ಚುತ್ತದೆ.

▪ ಹಿಂದೆ ಏನು ಹಾಕುತ್ತಿದ್ದರು?
ಮೋಟಾರು ಗಾಡಿಗಳ ಮೊದಲ ದಶಕಗಳಲ್ಲಿ ಚಳಿದೇಶದವರು ರೇಡಿಯೇಟರಿಗೆ ಉಪ್ಪು, ಜೇನು, ಗ್ಲಿಸರಿನ್, ಮದ್ಯಸಾರ ಎಲ್ಲವನ್ನೂ ಸುರಿದು ನೋಡಿದರು. ಉಪ್ಪು ಲೋಹ ತಿಂದಿತು, ಮದ್ಯಸಾರ ಆವಿಯಾಗಿ ಹೋಯಿತು. ಫ್ರಾನ್ಸಿನ ಶಾರ್ಲ್ ಅಡಾಲ್ಫ್ ವರ್ಟ್ಸ್ 1850ರ ದಶಕದಲ್ಲೇ ತಯಾರಿಸಿದ್ದ ಎಥಿಲೀನ್ ಗ್ಲೈಕಾಲ್, ಅಮೆರಿಕದಲ್ಲಿ ‘ಪ್ರೆಸ್ಟೋನ್’ ಹೆಸರಿನಲ್ಲಿ ಕಾರುಗಳಿಗೆ ಬಂದದ್ದು 1927ರಲ್ಲಿ.

ಸಿಹಿ ವಿಷ

ಈವರೆಗೆ ಎಂಜಿನ್ನಿನ ಮಾತಾಯಿತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಬಣ್ಣ ಶರಬತ್ತಿನದು. ನಮ್ಮ ಮನೆಗಳಲ್ಲಿ, ಗ್ಯಾರೇಜುಗಳಲ್ಲಿ ಉಳಿದ ಕೂಲಂಟನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ತುಂಬಿ ಮೂಲೆಯಲ್ಲಿಡುವ ರೂಢಿಯಿದೆ. ಬೇಸಿಗೆ ರಜೆಯ ಬಿಸಿಲಿನಲ್ಲಿ ಆಡಿ ಬಂದ ಮಗುವಿನ ಕೈಗೆ ಆ ಬಾಟಲಿ ಸಿಕ್ಕರೆ?

ದೊಡ್ಡವರಿಗೆ ಸುಮಾರು 100 ಮಿಲಿಲೀಟರ್ ಪ್ರಾಣಾಂತಿಕ. ಎಳೆಯ ಮಗುವಿಗೆ ಒಂದು ದೊಡ್ಡ ಚಮಚ ಸಾಕು. ಮೊದಲ ಕೆಲವು ತಾಸು ಕುಡಿದವರಂತೆ ತೂರಾಡುವುದು, ವಾಂತಿ. ಆಮೇಲೆ ಸುಧಾರಿಸಿದಂತೆ ಕಂಡರೂ ಒಳಗೆ ಯಕೃತ್ತು ಆ ದ್ರವವನ್ನು ಆಮ್ಲಗಳಾಗಿ ಒಡೆಯುತ್ತಿರುತ್ತದೆ. ಕೊನೆಯ ಆಮ್ಲವಾದ ಆಕ್ಸಾಲಿಕ್, ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಒಂದರಿಂದ ಮೂರು ದಿನದೊಳಗೆ ಮೂತ್ರಪಿಂಡ ಕೈಕೊಡಬಹುದು. ನಾಯಿ, ಬೆಕ್ಕುಗಳೂ ನೆಲಕ್ಕೆ ಚೆಲ್ಲಿದ್ದನ್ನು ನೆಕ್ಕಿ ಸಾಯುತ್ತವೆ.

ಇದರ ಸೋದರ ದ್ರವ ಡೈಎಥಿಲೀನ್ ಗ್ಲೈಕಾಲ್ ಔಷಧಕ್ಕೆ ಬೆರೆತು ಮಾಡಿದ ಅನಾಹುತ ನಮ್ಮ ದೇಶಕ್ಕೆ ಹೊಸದಲ್ಲ. 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಕಲಬೆರಕೆ ಗ್ಲಿಸರಿನ್‌ನಿಂದ 14 ರೋಗಿಗಳು ಸತ್ತರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಭಾಗದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಗ್ಲೈಕಾಲ್ ಕುಟುಂಬದ ದ್ರವ ಮನೆಯಲ್ಲಿದ್ದರೆ ಅದನ್ನು ಕೀಟನಾಶಕದಷ್ಟೇ ಜೋಪಾನವಾಗಿ ಇಡಬೇಕು ಎನ್ನಲು ಇಷ್ಟು ಸಾಕು.

ಕಡಿಮೆ ವಿಷದ ಆಯ್ಕೆಯೂ ಇದೆ. ಪ್ರೊಪಿಲೀನ್ ಗ್ಲೈಕಾಲ್ ಆಹಾರ, ಔಷಧಗಳಲ್ಲೂ ಬಳಕೆಯಾಗುವ ವಸ್ತು. ಅದರಿಂದ ಮಾಡಿದ ಕೂಲಂಟ್ ದುಬಾರಿ, ನಮ್ಮ ಪೇಟೆಗಳಲ್ಲಿ ಅಪರೂಪ. ಅದರಲ್ಲೂ ತುಕ್ಕುನಿರೋಧಕ ರಾಸಾಯನಿಕಗಳು ಇರುವುದರಿಂದ ಕುಡಿಯಲು ಯೋಗ್ಯವೇನಲ್ಲ. ಆದರೂ ಅಂಗಳದಲ್ಲೇ ಗಾಡಿ ರಿಪೇರಿ ಮಾಡುವ, ಮಕ್ಕಳು, ಸಾಕುಪ್ರಾಣಿಗಳು ಓಡಾಡುವ ಮನೆಗೆ, ಕೈಪಿಡಿ ಒಪ್ಪಿದರೆ, ತರಿಸಿಕೊಳ್ಳುವುದು ಒಳ್ಳೆಯದು. ಕೆಲವು ಕಂಪನಿಗಳು ಎಥಿಲೀನ್ ಗ್ಲೈಕಾಲಿಗೇ ಕಹಿ ಬೆರೆಸುತ್ತವೆ. ಕ್ಯಾನ್ ಮೇಲೆ ಹಾಗೆ ಬರೆದಿದ್ದರೆ ಅದನ್ನೇ ಆರಿಸಿಕೊಳ್ಳಿ. ತೀರಾ ಅಗ್ಗದ ಕ್ಯಾನ್‌ನಲ್ಲಿ ಮೆಥನಾಲ್ ಇರುವ ಅಪಾಯವೂ ಉಂಟು. ಅದು ಸುಮಾರು 65 ಡಿಗ್ರಿಗೇ ಕುದಿಯುತ್ತದೆ, ಬೆಂಕಿ ಹಿಡಿಯುತ್ತದೆ, ಕಣ್ಣು ತೆಗೆಯುತ್ತದೆ.

▪ ಯಾರಾದರೂ ಕುಡಿದರೆ?
ವಾಂತಿ ಮಾಡಿಸಲು ಹೋಗಬೇಡಿ. ಮನೆಮದ್ದು ಬೇಡ. 108ಕ್ಕೆ ಕರೆ ಮಾಡಿ, ಡಯಾಲಿಸಿಸ್ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಸೇರಿಸಿ. ಕ್ಯಾನ್ ಅಥವಾ ಬಾಟಲಿಯನ್ನು ಜೊತೆಗೇ ಒಯ್ಯಿರಿ. ರೋಗಿ ಚೇತರಿಸಿಕೊಂಡಂತೆ ಕಂಡರೂ ಮನೆಗೆ ಕರೆತರಬೇಡಿ. ಬೇಗ ಹೋದಷ್ಟೂ ಪ್ರತ್ಯೌಷಧ ಫಲಿಸುತ್ತದೆ.

ಬದಲಿಸುವ ದಿನ

ಇಷ್ಟು ವರ್ಷ ಬೋರ್ ನೀರು ಕುಡಿದ ಎಂಜಿನ್ನಿಗೆ ಹೊಸ ಕೂಲಂಟ್ ನೇರವಾಗಿ ಸುರಿದರೆ ಹಣ ನೀರುಪಾಲು. ಹಳೆಯ ಪೊರೆ, ತುಕ್ಕಿನ ಪುಡಿ ಹೊಸ ದ್ರವದ ಕಸುವನ್ನು ಬೇಗ ನುಂಗುತ್ತವೆ. ಎಂಜಿನ್ ಪೂರ್ತಿ ಆರಿದ ಮೇಲೆ ರೇಡಿಯೇಟರ್ ಮಾತ್ರವಲ್ಲ, ಬ್ಲಾಕಿನ ನೀರೂ ಇಳಿಸಬೇಕು. ರೇಡಿಯೇಟರ್ ತೊಳೆಯುವ ದ್ರಾವಣ ಹಾಕಿ ಓಡಿಸಿ, ಇಳಿಸಿ, ಸ್ವಚ್ಛ ನೀರಿನಿಂದ ಎರಡು ಮೂರು ಸಲ ಜಾಲಿಸಬೇಕು. ಹೋಸ್ ಪೈಪು ಮೆತ್ತಗಾಗಿದ್ದರೆ, ಮುಚ್ಚಳದ ವಾಷರ್ ಬಿರಿದಿದ್ದರೆ ಅಂದೇ ಬದಲಿಸಿ. ತುಂಬುವಾಗ ಗಾಳಿ ಸಿಕ್ಕಿಕೊಂಡರೆ ಹೆಡ್ಡಿನ ಒಂದು ಭಾಗಕ್ಕೆ ನೀರೇ ತಲುಪುವುದಿಲ್ಲ. ಆದ್ದರಿಂದ ನಿಧಾನವಾಗಿ ತುಂಬಿ, ಎಂಜಿನ್ ಓಡಿಸಿ, ಆರಿದ ಮೇಲೆ ಮಟ್ಟ ನೋಡಿ ಮತ್ತೆ ತುಂಬಬೇಕು.

ಗಂಗಾವತಿ ಭಾಗದ ಯಂತ್ರಗಳಿಗೆ ಇದಕ್ಕೆ ತಕ್ಕ ಹೊತ್ತು ಎರಡು ಸುಗ್ಗಿಗಳ ನಡುವಿನ ಬಿಡುವು. ಕುಷ್ಟಗಿ, ಯಲಬುರ್ಗಾದ ಟ್ರ್ಯಾಕ್ಟರ್‌ಗಳಿಗೆ ಮುಂಗಾರು ಬಿತ್ತನೆಗೆ ಮೊದಲಿನ ವಾರಗಳು. ಕಟಾವಿನ ದಿನಗಳಲ್ಲಿ ದಿನಕ್ಕೆರಡು ಸಲ ಜಾಲರಿಯ ಹೊಟ್ಟನ್ನು ಗಾಳಿ ಹೊಡೆದು ಬಿಡಿಸಿದರೆ ಅರ್ಧ ಕುದಿತ ಅಲ್ಲಿಗೇ ನಿಲ್ಲುತ್ತದೆ. ದಾರಿಯಲ್ಲಿ ಮಟ್ಟ ಇಳಿದರೆ ಹಾಕಲು ಎರಡು ಲೀಟರ್ ಸಿದ್ಧ ಕೂಲಂಟ್ ಅದರದೇ ಕ್ಯಾನ್‌ನಲ್ಲಿ ಸೀಟಿನ ಹಿಂದೆ ಇರಲಿ.

ಇಳಿಸಿದ ಹಳೆಯ ಕೂಲಂಟನ್ನು ಗಟಾರಕ್ಕೆ, ಕಾಲುವೆಗೆ, ಹೊಲದ ಬದುವಿಗೆ ಚೆಲ್ಲಬೇಡಿ. ಅದರಲ್ಲಿ ಗ್ಲೈಕಾಲ್ ಜೊತೆಗೆ ಬೆಸುಗೆಯಿಂದ ಕರಗಿದ ಸೀಸ, ತಾಮ್ರವೂ ಇರಬಹುದು. ತೆರೆದ ಬಕೆಟಿನಲ್ಲಿ ರಾತ್ರಿ ಬಿಟ್ಟರೆ ಬೀದಿ ನಾಯಿ ಮೂತಿ ಹಾಕುತ್ತದೆ. ಹಳೆಯ ಕೂಲಂಟ್ ಕ್ಯಾನ್‌ಗೇ ತುಂಬಿ, ಬಿರಡೆ ಬಿಗಿದು, ಮೇಲೆ ದಪ್ಪಕ್ಷರದಲ್ಲಿ ‘ವಿಷ’ ಎಂದು ಬರೆದು, ಸರ್ವಿಸ್ ಮಾಡಿಸಿದ ಕೇಂದ್ರಕ್ಕೇ ಒಪ್ಪಿಸಿ.